ಆರರಿಂದ ಎಂಟನೇ ತರಗತಿ ಮಕ್ಕಳು ಮನಸ್ಸಿಟ್ಟು ತೊಡಗುವಂಥ ಶಾಲಾ ಕಾರ್ಯಕ್ರಮ: ಯೋಜನೆಯ ಸಮಗ್ರ ಮಾರ್ಗದರ್ಶಿ

ಶಾಲೆ ಶುರುವಾದ ಮೊದಲ ತಿಂಗಳಲ್ಲಿ ಐದಾರು ಕ್ಲಬ್‌ಗಳು ಹುಟ್ಟುತ್ತವೆ. ಗೋಡೆಗೆ ಪಟ್ಟಿ ಅಂಟಿಸುತ್ತಾರೆ, ಮಕ್ಕಳು ಹೆಸರು ಕೊಡುತ್ತಾರೆ. ಐದನೇ ವಾರದ ಹೊತ್ತಿಗೆ ಯಾರು ಉಳಿದಿದ್ದಾರೆ ಎಂದು ನೋಡಿದರೆ, ಮೊದಲಿಂದಲೂ ಎಲ್ಲದಕ್ಕೂ ಕೈ ಎತ್ತುತ್ತಿದ್ದ ಮಕ್ಕಳೇ. ಯಾರಿಗಾಗಿ ಇಷ್ಟೆಲ್ಲ ಮಾಡಿದ್ದೋ ಅವರು ಹಿಂದಿನ ಬೆಂಚಿನಲ್ಲಿ ಇದ್ದ ಹಾಗೇ ಇದ್ದಾರೆ. ಈ ವಯಸ್ಸಿನವರಿಗೆಂದು ಮಾಡಿದ ಕಾರ್ಯಕ್ರಮಗಳು ಬಹುತೇಕ ಸೋಲುವುದು ಹೀಗೆಯೇ.

ಶಿಕ್ಷಕರ ಉತ್ಸಾಹಕ್ಕೇನೂ ಕೊರತೆ ಇರುವುದಿಲ್ಲ. ಕೆಲಸದ ಕ್ರಮ ತಲೆಕೆಳಗಾಗಿರುತ್ತದೆ, ಅಷ್ಟೆ. ಚಟುವಟಿಕೆಯನ್ನು ಮೊದಲು ಆರಿಸಿ, ಆಮೇಲೆ ಅದಕ್ಕೆ ಮಕ್ಕಳನ್ನು ಹುಡುಕುತ್ತಾರೆ. ಯಾವ ಮಗು, ಯಾವ ಪಿರಿಯಡ್‌ನಲ್ಲಿ, ಯಾವ ಕಾರಣಕ್ಕೆ ದೂರ ಸರಿದಿದೆ ಎಂಬುದು ಮೊದಲು ಗೊತ್ತಾಗಬೇಕು. ಚಟುವಟಿಕೆಯ ಆಯ್ಕೆ ಆಮೇಲೆ ಬರಬೇಕು. ಕೆಳಗಿನ ಹತ್ತು ಹಂತಗಳನ್ನು ಅದೇ ಕ್ರಮದಲ್ಲಿ ಕೊಟ್ಟಿದ್ದೇವೆ. ಚಟುವಟಿಕೆ ಆರಿಸುವ ಆರನೇ ಹಂತಕ್ಕೆ ನೇರವಾಗಿ ಹಾರಬೇಡಿ. ಹೆಚ್ಚಿನ ಶಾಲೆಗಳು ಎಡವುವುದು ಅಲ್ಲಿಯೇ.

## ಶುರು ಮಾಡುವ ಮುಂಚೆ ಕೈಯಲ್ಲಿ ಇರಬೇಕಾದದ್ದು

ಸಮಯ: ತಯಾರಿಗೆ ನಾಲ್ಕು ವಾರ, ಪ್ರಯೋಗಕ್ಕೆ ಆರು ವಾರ, ಪರಿಶೀಲನೆಗೆ ಒಂದು ವಾರ. ಪರೀಕ್ಷೆ ಅಥವಾ ದೊಡ್ಡ ರಜೆ ಮಧ್ಯದಲ್ಲಿ ಬಾರದ ಹನ್ನೊಂದು ವಾರಗಳನ್ನು ಕ್ಯಾಲೆಂಡರಿನಲ್ಲಿ ಮೊದಲೇ ಗುರುತು ಹಾಕಿ.

ಜನ: ನಾಲ್ಕೈದು ಮಂದಿಯ ತಂಡ ಸಾಕು. ಇಬ್ಬರು ತರಗತಿ ಶಿಕ್ಷಕರು, ದೈಹಿಕ ಶಿಕ್ಷಣದವರೋ ಗ್ರಂಥಾಲಯದವರೋ ಆಪ್ತ ಸಮಾಲೋಚಕರೋ ಒಬ್ಬರು, ಮತ್ತು ಟೈಮ್‌ಟೇಬಲ್ ಬದಲಿಸುವ ಅಧಿಕಾರ ಇರುವ ಒಬ್ಬರು. ಈ ಕೊನೆಯವರು ಇಲ್ಲದ ತಂಡ ಎಷ್ಟು ಒಳ್ಳೆಯ ಯೋಜನೆ ಬರೆದರೂ ಅದು ಫೈಲಿನಲ್ಲೇ ಉಳಿಯುತ್ತದೆ. ನಾಲ್ಕನೇ ಹಂತದಿಂದ ಇಬ್ಬರು ವಿದ್ಯಾರ್ಥಿಗಳನ್ನೂ ಸೇರಿಸಿಕೊಳ್ಳಿ. ಒಬ್ಬರು ಮುಂದಾಳು ಆಗಿರಲಿ, ಇನ್ನೊಬ್ಬರು ಯಾವತ್ತೂ ಯಾವ ಸಮಿತಿಯಲ್ಲೂ ಇಲ್ಲದವರಾಗಿರಲಿ. ಹೆಸರುಗಳಿರುವ ಯಾವ ಹಾಳೆಯನ್ನೂ ಅವರಿಗೆ ತೋರಿಸಬಾರದು.

ಸಾಮಗ್ರಿ: ಕಳೆದ ಒಂದು ಅವಧಿಯ ಹಾಜರಿ ಪುಸ್ತಕ, ಕೊನೆಯ ಎರಡು ಪರೀಕ್ಷೆಗಳ ಅಂಕಪಟ್ಟಿ, ಶಿಸ್ತಿನ ದಾಖಲೆ ಇದ್ದರೆ ಅದು, ಸಾಲು-ಕಾಲಂ ಇರುವ ಒಂದು ಹಾಳೆ, ದೊಡ್ಡ ಚಾರ್ಟ್ ಕಾಗದ, ಎರಡು ಬಣ್ಣದ ಸ್ಟಿಕ್ಕರ್ ಚುಕ್ಕಿಗಳು. ಹೊಸ ಸಾಫ್ಟ್‌ವೇರ್ ಏನೂ ಬೇಡ.

## ಹಂತ 1: ‘ಆಸಕ್ತಿ ಇಲ್ಲ’ ಎನ್ನುವ ಮಾತನ್ನು ಬಿಡಿಸಿ ನೋಡಿ

ಸ್ಟಾಫ್ ರೂಮಿನಲ್ಲಿ ‘ಅವನಿಗೆ ಆಸಕ್ತಿನೇ ಇಲ್ಲ’ ಎಂದಾಗ ಒಬ್ಬೊಬ್ಬರ ಮನಸ್ಸಿನಲ್ಲಿ ಒಂದೊಂದು ಇರುತ್ತದೆ. ಜೆನಿಫರ್ ಫ್ರೆಡ್ರಿಕ್ಸ್, ಫಿಲಿಸ್ ಬ್ಲೂಮೆನ್‌ಫೆಲ್ಡ್, ಆಲಿಸನ್ ಪ್ಯಾರಿಸ್ 2004ರಲ್ಲಿ ಪ್ರಕಟಿಸಿದ ವಿಮರ್ಶಾ ಲೇಖನ ತೊಡಗುವಿಕೆಯನ್ನು ಮೂರಾಗಿ ಬಿಡಿಸುತ್ತದೆ: ನಡತೆ, ಭಾವನೆ, ಚಿಂತನೆ. ಯೋಜನೆ ಮಾಡುವವರಿಗೆ ಈ ವಿಂಗಡಣೆ ನೇರವಾಗಿ ಉಪಯೋಗಕ್ಕೆ ಬರುತ್ತದೆ.

ನಡತೆಯ ದೂರ ಕಣ್ಣಿಗೆ ಕಾಣುತ್ತದೆ: ಗೈರು, ತಡ, ಪುಸ್ತಕ ತಾರದಿರುವುದು. ಭಾವನೆಯ ದೂರ ಅಷ್ಟು ಕಾಣುವುದಿಲ್ಲ. ಮಗು ದಿನಾ ಬರುತ್ತದೆ, ಆದರೆ ‘ಇದು ನನ್ನ ಜಾಗ’ ಅನ್ನಿಸಿರುವುದಿಲ್ಲ. ಚಿಂತನೆಯ ದೂರವಂತೂ ಒಳ್ಳೆಯ ಅಂಕದ ಹಿಂದೆ ಅಡಗಿರುತ್ತದೆ. ಅಂದವಾದ ನೋಟ್ಸ್, ತಪ್ಪಿಲ್ಲದ ಹೋಂವರ್ಕ್, ಆದರೆ ‘ಯಾಕೆ ಹಾಗೆ?’ ಎಂದು ಒಂದು ಪ್ರಶ್ನೆಯೂ ಆ ಮಗುವಿನಿಂದ ಬಂದಿರುವುದಿಲ್ಲ.

ತಂಡದ ಪ್ರತಿಯೊಬ್ಬರೂ ತಮ್ಮ ತರಗತಿಯ ಐದು ಮಕ್ಕಳನ್ನು ನೆನೆದು, ಒಬ್ಬೊಬ್ಬರದು ಯಾವ ಬಗೆಯ ದೂರ ಎಂದು ಬರೆಯಲಿ. ಹತ್ತು ನಿಮಿಷದ ಕೆಲಸ. ಬರೆದದ್ದೆಲ್ಲ ಮೊದಲನೇ ಬಗೆಯದ್ದೇ ಆಗಿದ್ದರೆ, ತಂಡ ಗದ್ದಲದ ಮಕ್ಕಳನ್ನಷ್ಟೇ ನೋಡುತ್ತಿದೆ ಎಂದು ಅರ್ಥ.

## ಹಂತ 2: ಮೂರು ದಾಖಲೆಗಳನ್ನು ಒಂದೇ ಹಾಳೆಗೆ ತನ್ನಿ

ಹಾಜರಿ ಒಂದು ಪುಸ್ತಕದಲ್ಲಿ, ಅಂಕ ಇನ್ನೊಂದರಲ್ಲಿ, ಶಿಸ್ತಿನ ದೂರುಗಳು ಯಾರದೋ ನೆನಪಿನಲ್ಲಿ ಇರುತ್ತವೆ. ಒಂದೇ ಮಗುವಿನ ಹೆಸರು ಮೂರರಲ್ಲೂ ಇದ್ದರೂ ಯಾರಿಗೂ ತಿಳಿಯುವುದಿಲ್ಲ. ಪ್ರತಿ ಮಗುವಿಗೆ ಒಂದು ಸಾಲು ಹಾಕಿ, ಈ ಕಾಲಂಗಳನ್ನು ತುಂಬಿ: ಒಟ್ಟು ಗೈರು ದಿನ, ಗೈರಾದದ್ದು ವಾರದ ಯಾವ ದಿನ, ತಡವಾಗಿ ಬಂದ ದಿನ, ತರಗತಿಯಿಂದ ಹೊರಗೆ ಕಳಿಸಿದ ಸಲ, ಭಾಷೆ ಮತ್ತು ಗಣಿತದಲ್ಲಿ ಕೊನೆಯ ಎರಡು ಪರೀಕ್ಷೆಯ ಅಂಕ.

ಹಾಜರಿಗೆ ಗೆರೆ ಎಳೆಯಬೇಕಾದದ್ದು ಶೇ 10ಕ್ಕೆ. ಶಾಲಾ ದಿನಗಳ ಶೇ 10ರಷ್ಟು ಅಥವಾ ಹೆಚ್ಚು ತಪ್ಪಿಸಿಕೊಂಡರೆ ಅದನ್ನು ದೀರ್ಘಕಾಲಿಕ ಗೈರು ಎಂದು ಎಣಿಸುವ ವಾಡಿಕೆ ಇದೆ. 180 ದಿನ ನಡೆಯುವ ಶಾಲೆಯಲ್ಲಿ ಅದು 18 ದಿನ, ಅಂದರೆ ತಿಂಗಳಿಗೆ ಎರಡು ದಿನದಷ್ಟೆ. ರಜಾಚೀಟಿ ಕೊಟ್ಟ ಗೈರನ್ನೂ ಎಣಿಸಿ. ಚೀಟಿ ಕೊಟ್ಟ ಮಾತ್ರಕ್ಕೆ ತಪ್ಪಿದ ಪಾಠ ವಾಪಸ್ ಬರುವುದಿಲ್ಲ. ತರಗತಿಯ ಸರಾಸರಿ ಹಾಜರಿಯನ್ನು ನಂಬಿ ಕೂರಬೇಡಿ. ಶೇ 93 ಎಂಬ ಚೆಂದದ ಸಂಖ್ಯೆಯ ಕೆಳಗೆ ಆರೇಳು ಮಕ್ಕಳು ಮುಳುಗಿ ಹೋಗಿರಬಹುದು.

ಈ ವಯಸ್ಸಿನಲ್ಲೇ ಇದನ್ನು ಮಾಡಬೇಕು ಎನ್ನಲು ಕಾರಣ ಇದೆ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಆರನೇ ತರಗತಿ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿ ರಾಬರ್ಟ್ ಬಾಲ್ಫಾಂಜ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಾಜರಿ, ನಡತೆ, ಗಣಿತ, ಭಾಷೆ ಇವುಗಳಲ್ಲಿ ಆರನೇ ತರಗತಿಯಲ್ಲೇ ಕಂಡ ಕುಸಿತ, ಮುಂದೆ ಪ್ರೌಢಶಾಲೆ ಮುಗಿಸದವರನ್ನು ಸಾಕಷ್ಟು ಮೊದಲೇ ಗುರುತಿಸಿಕೊಟ್ಟಿತು.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು, ಅಂಕ ಕಡಿಮೆ ಇರುವವರನ್ನಷ್ಟೇ ಆರಿಸುವುದು. ಸದಾ 45 ತೆಗೆಯುವ ಮಗುವಿಗಿಂತ 75ರಿಂದ 50ಕ್ಕೆ ಇಳಿದ ಮಗು ಹೆಚ್ಚು ಗಮನ ಬೇಡುತ್ತದೆ. ಆದ್ದರಿಂದ ಅಂಕಕ್ಕಿಂತ ಅಂಕದ ಇಳಿತ ನೋಡಿ. ಹಾಗೆಯೇ ವಾರದ ಯಾವ ದಿನ ಗೈರು ಎಂಬ ಕಾಲಂ ಮೇಲೆ ಕಣ್ಣಾಡಿಸಿ: ಒಂದು ಮಗು ಬುಧವಾರಗಳಂದೇ ತಪ್ಪಿಸಿಕೊಳ್ಳುತ್ತಿದ್ದರೆ, ಬುಧವಾರದ ಟೈಮ್‌ಟೇಬಲ್‌ನಲ್ಲಿ ಏನಿದೆ ಎಂದು ಮೊದಲು ನೋಡಿ. ಆಮೇಲೆ ಮನೆಯವರನ್ನು ಕೇಳಿ.

ಈ ಹಾಳೆ ಇಬ್ಬರ ಬಳಿ ಮಾತ್ರ ಇರಲಿ. ವಾಟ್ಸ್‌ಆ್ಯಪ್ ಗುಂಪಿಗೆ ಒಮ್ಮೆ ಹೋದರೆ ಆ ಮಕ್ಕಳಿಗೆ ಹಣೆಪಟ್ಟಿ ಅಂಟಿದ ಹಾಗೆಯೇ.

## ಹಂತ 3: ಹೆಸರುಗಳ ಗೋಡೆ

ಹಾಳೆಯಲ್ಲಿ ಸಿಗದ ಮಕ್ಕಳು ಇಲ್ಲಿ ಸಿಗುತ್ತಾರೆ. ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹಂತ ಮಾಡಲು ಸಾಧ್ಯ ಎಂದಾದರೆ ಇದನ್ನು ಮಾಡಿ.

ಒಂದು ತರಗತಿಯ ಎಲ್ಲ ಮಕ್ಕಳ ಹೆಸರನ್ನೂ ಚಾರ್ಟಿನ ಮೇಲೆ ದೊಡ್ಡದಾಗಿ ಬರೆದು, ಮಕ್ಕಳು ಬಾರದ ಕೋಣೆಯ ಗೋಡೆಗೆ ಅಂಟಿಸಿ. ಪಾಠ ಮಾಡುವವರ ಜೊತೆಗೆ ಕಚೇರಿ, ಗ್ರಂಥಾಲಯ, ಮೈದಾನದ ಸಿಬ್ಬಂದಿಯನ್ನೂ ಕರೆಯಿರಿ. ಪ್ರತಿಯೊಬ್ಬರಿಗೂ ಎರಡು ಬಣ್ಣದ ಚುಕ್ಕಿ ಕೊಡಿ. ಹಸಿರು: ಈ ಮಗುವಿನ ಅಂಕ-ನಡತೆ ಬಿಟ್ಟು ಬೇರೆ ಏನಾದರೂ ನನಗೆ ಗೊತ್ತು. ನೀಲಿ: ಕಷ್ಟ ಬಂದರೆ ಈ ಮಗು ನನ್ನ ಹತ್ತಿರ ಬರುತ್ತದೆ ಎಂದು ನಂಬಿದ್ದೇನೆ. ಹದಿನೈದು ನಿಮಿಷ ಯಾರೂ ಮಾತಾಡದೆ ಅಂಟಿಸಬೇಕು.

ಒಂದು ಷರತ್ತು ಇದೆ. ಹಸಿರು ಚುಕ್ಕಿ ಅಂಟಿಸುವ ಮುಂಚೆ ಅದರ ಮೇಲೆ ಎರಡು ಮೂರು ಪದ ಬರೆಯಬೇಕು: ‘ತಂಗಿ ಇದ್ದಾಳೆ’, ‘ಸೈಕಲ್ ರಿಪೇರಿ’, ‘ಗುಡುಗಿಗೆ ಹೆದರುತ್ತಾಳೆ’. ಈ ಷರತ್ತು ಇಲ್ಲದಿದ್ದರೆ ಮುಖಪರಿಚಯಕ್ಕೆಲ್ಲ ಚುಕ್ಕಿ ಬಿದ್ದು, ಗೋಡೆ ಹಸಿರಾಗಿ ಹೋಗುತ್ತದೆ, ಕೆಲಸ ಕೆಡುತ್ತದೆ. ಷರತ್ತು ಹಾಕಿದಾಗ ಕಾಣುವುದೇ ಬೇರೆ: ನಾಲ್ಕೈದು ಹೆಸರಿನ ಸುತ್ತ ಚುಕ್ಕಿಗಳು ಮುತ್ತಿಕೊಂಡಿರುತ್ತವೆ, ಅದೇ ಸಾಲಿನಲ್ಲಿ ಕೆಲವು ಹೆಸರುಗಳ ಪಕ್ಕ ಬಿಳಿ ಕಾಗದ ಬಿಟ್ಟರೆ ಏನೂ ಇರುವುದಿಲ್ಲ. ಅವರು ಸಾಮಾನ್ಯವಾಗಿ ಗಲಾಟೆಯವರೂ ಅಲ್ಲ, ಜಾಣರೂ ಅಲ್ಲ. ನಡುವಿನ ಮಕ್ಕಳು, ಯಾರಿಗೂ ತೊಂದರೆ ಕೊಡದವರು.

ನೀಲಿ ಚುಕ್ಕಿ ಶಿಕ್ಷಕರ ಅಂದಾಜು ಮಾತ್ರ. ಮುಂದಿನ ಹಂತದಲ್ಲಿ ಮಕ್ಕಳನ್ನೇ ಕೇಳಿದಾಗ ಅದು ಸರಿಯೇ ಎಂದು ಗೊತ್ತಾಗುತ್ತದೆ. ಚುಕ್ಕಿ ಇಲ್ಲದ ಹೆಸರುಗಳನ್ನು ಎರಡನೇ ಹಂತದ ಹಾಳೆಯಲ್ಲಿ ಗುರುತು ಮಾಡಿಕೊಂಡು, ಚಾರ್ಟನ್ನು ಅಂದೇ ಹರಿದು ಹಾಕಿ. ಯಾರೂ ಫೋಟೊ ತೆಗೆಯಬಾರದು.

## ಹಂತ 4: ಮಕ್ಕಳನ್ನು ಕೇಳಿ, ಒಂದು ದಿನ ಅವರ ಜೊತೆ ಕುಳಿತು ನೋಡಿ

ಪ್ರಶ್ನಾವಳಿ ಎಂಟು ಪ್ರಶ್ನೆ ಮೀರಬಾರದು. ಹೆಸರು ಬೇಡ, ತರಗತಿ ಸಾಕು. ತಮ್ಮ ತರಗತಿ ಶಿಕ್ಷಕರೇ ಹಾಳೆ ಸಂಗ್ರಹಿಸಿದರೆ ಮಕ್ಕಳು ಅವರಿಗೆ ಹಿಡಿಸುವ ಉತ್ತರ ಬರೆಯುತ್ತಾರೆ, ಹಾಗಾಗಿ ಬೇರೆಯವರು ಸಂಗ್ರಹಿಸಲಿ. ‘ಶಾಲೆ ಇಷ್ಟವೇ?’ ಎಂಬಂಥ ಪ್ರಶ್ನೆಯಿಂದ ಏನೂ ಸಿಗುವುದಿಲ್ಲ. ಇಂಥವು ಕೆಲಸಕ್ಕೆ ಬರುತ್ತವೆ:

- ಕಳೆದ ವಾರ ಯಾವ ಪಿರಿಯಡ್ ಬೇಗ ಮುಗಿಯಿತು ಅನ್ನಿಸಿತು? ಯಾವುದು ಮುಗಿಯಲೇ ಇಲ್ಲ ಅನ್ನಿಸಿತು?
- ಪಾಠ ಅರ್ಥವಾಗದಿದ್ದಾಗ ನೀನು ಏನು ಮಾಡುತ್ತೀ?
- ನೀನು ಮೂರು ದಿನ ಬಾರದಿದ್ದರೆ ಯಾರು ವಿಚಾರಿಸುತ್ತಾರೆ?
- ಶಾಲೆಯಲ್ಲಿ ಹೋಗಲು ಮುಜುಗರವಾಗುವ ಜಾಗ ಯಾವುದಾದರೂ ಇದೆಯೇ?

ಮೂರನೆಯದಕ್ಕೆ ‘ಯಾರೂ ಇಲ್ಲ’ ಎಂದು ಎಷ್ಟು ಹಾಳೆಗಳಲ್ಲಿ ಬಂದಿದೆ ಎಂದು ಎಣಿಸಿ ಇಟ್ಟುಕೊಳ್ಳಿ. ಆರು ವಾರದ ನಂತರ ಇದೇ ಪ್ರಶ್ನೆಯನ್ನು ಮತ್ತೆ ಕೇಳಬೇಕು. ನಾಲ್ಕನೆಯದರ ಉತ್ತರದಲ್ಲಿ ಶೌಚಾಲಯ, ಬಸ್ಸು, ಮೆಟ್ಟಿಲು ಮತ್ತೆ ಮತ್ತೆ ಬಂದರೆ ಅಲ್ಲಿ ಪೀಡಿಸುವಿಕೆ ನಡೆಯುತ್ತಿರಬಹುದು. ಆಗ ಕಾರ್ಯಕ್ರಮ ಬದಿಗಿಟ್ಟು ಮೊದಲು ಆ ಜಾಗದಲ್ಲಿ ದೊಡ್ಡವರು ನಿಲ್ಲುವ ವ್ಯವಸ್ಥೆ ಆಗಬೇಕು.

ಪ್ರಶ್ನಾವಳಿಯ ನಂತರ ಒಂದು ದಿನದ ಒಡನಾಟ. ತಂಡದ ಒಬ್ಬರು, ಮಗುವಿನ ಮತ್ತು ಪೋಷಕರ ಒಪ್ಪಿಗೆ ಪಡೆದು, ಮೊದಲ ಬೆಲ್‌ನಿಂದ ಕೊನೆಯ ಬೆಲ್‌ವರೆಗೆ ಒಂದು ಮಗುವಿನ ತರಗತಿಯಲ್ಲೇ ಕೂರಬೇಕು. ಪ್ರತಿ ಹತ್ತು ನಿಮಿಷಕ್ಕೆ ಒಮ್ಮೆ ಮೂರು ವಿಷಯ ಬರೆದುಕೊಳ್ಳಿ: ಈಗ ಮಗು ಏನು ಮಾಡುತ್ತಿದೆ, ಯಾರಾದರೂ ಹೆಸರು ಹಿಡಿದು ಮಾತಾಡಿಸಿದರೇ, ಏನನ್ನಾದರೂ ತಾನೇ ನಿರ್ಧರಿಸುವ ಅವಕಾಶ ಸಿಕ್ಕಿತೇ. ಸಂಜೆ ಕೂಡಿಸಿ. ಮೂರನೇ ಕಾಲಂ ಸೊನ್ನೆ ಬಂದರೆ ಅಚ್ಚರಿ ಇಲ್ಲ. ಎಂಟು ಗಂಟೆಗಳಲ್ಲಿ ನೀರು ಕುಡಿಯಲು ಹೋಗುವುದಕ್ಕೂ ಕೇಳಬೇಕಾದ ಹದಿಮೂರರ ಮಗುವಿಗೆ ಏನನ್ನಿಸುತ್ತದೆ ಎಂದು ಬೆಂಚಿನ ಮೇಲೆ ಕುಳಿತಾಗಲೇ ತಿಳಿಯುವುದು. ಹೀಗೆ ಕನಿಷ್ಠ ಮೂರು ಮಕ್ಕಳ ದಿನ ನೋಡಿ. ಒಂದು ಮಗು ಚುಕ್ಕಿ ಇಲ್ಲದ್ದಾಗಿರಲಿ.

ಕೇಳಿದ್ದನ್ನು ಎರಡು ವಾರದೊಳಗೆ ಮಕ್ಕಳಿಗೆ ತಿರುಗಿ ಹೇಳಿ: ‘ನೀವು ಹೀಗೆ ಹೇಳಿದಿರಿ, ಇದನ್ನು ಬದಲಿಸುತ್ತೇವೆ, ಇದು ಈಗ ಆಗುವುದಿಲ್ಲ, ಕಾರಣ ಇದು.’ ಹೇಳದೆ ಬಿಟ್ಟರೆ ಮುಂದಿನ ಸಲ ಖಾಲಿ ಹಾಳೆಗಳು ಬರುತ್ತವೆ.

ಇಲ್ಲಿ ನಿಂತು ನೋಡಬೇಕಾದದ್ದು. ಮೊದಲ ಪಿರಿಯಡ್‌ನಲ್ಲಿ ನಿದ್ದೆ ಮಾಡುವ ಮಗುವಿಗೆ ಬೇಕಿರುವುದು ಕ್ಲಬ್ ಅಲ್ಲ. ಅಮೆರಿಕದ ನಿದ್ರಾ ವೈದ್ಯರ ಅಕಾಡೆಮಿಯ ಶಿಫಾರಸಿನಂತೆ 6ರಿಂದ 12 ವರ್ಷದವರಿಗೆ ದಿನಕ್ಕೆ 9ರಿಂದ 12 ಗಂಟೆ, 13ರಿಂದ 18ರವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಹಸಿವು, ಬೋರ್ಡು ಕಾಣದ ಕಣ್ಣು, ಕೇಳಿಸದ ಕಿವಿ ಇವೆಲ್ಲ ಹೊರಗಿಂದ ‘ಆಸಕ್ತಿ ಇಲ್ಲ’ ಎಂಬಂತೆಯೇ ಕಾಣುತ್ತವೆ. ಮನೆಯಲ್ಲಿ ಹಿಂಸೆ, ತನಗೆ ತಾನೇ ನೋವು ಮಾಡಿಕೊಳ್ಳುವ ಮಾತು ಬಂದರೆ ಅಂದೇ ಆಪ್ತ ಸಮಾಲೋಚಕರಿಗೆ ಮತ್ತು ಮಕ್ಕಳ ರಕ್ಷಣೆಯ ಹೊಣೆ ಹೊತ್ತವರಿಗೆ ತಿಳಿಸಬೇಕು. ಯೋಜನಾ ತಂಡ ಅದನ್ನು ತನ್ನಲ್ಲೇ ಇಟ್ಟುಕೊಳ್ಳಬಾರದು.

## ಹಂತ 5: ಒಂದೇ ವಾಕ್ಯದ ಗುರಿ

ವಾಕ್ಯದಲ್ಲಿ ನಾಲ್ಕು ಅಂಶ ಇರಲೇಬೇಕು: ಯಾರು, ಎಲ್ಲಿ, ಕಣ್ಣಿಗೆ ಕಾಣುವ ಬದಲಾವಣೆ ಏನು, ಯಾವಾಗಿನೊಳಗೆ. ‘ವಿದ್ಯಾರ್ಥಿಗಳ ಆಸಕ್ತಿ ಹೆಚ್ಚಿಸುವುದು’ ಎಂಬುದು ಗುರಿಯಲ್ಲ. ‘ಏಳನೇ ತರಗತಿಯಲ್ಲಿ ಚುಕ್ಕಿ ಇಲ್ಲದ 14 ಮಕ್ಕಳಲ್ಲಿ ಕನಿಷ್ಠ 11 ಮಂದಿ, ಆರನೇ ವಾರದ ಕೊನೆಗೆ, ತಮ್ಮನ್ನು ವಿಚಾರಿಸುವ ಒಬ್ಬ ಹಿರಿಯರ ಹೆಸರು ಹೇಳುವಂತಾಗಬೇಕು’ ಎಂಬುದು ಗುರಿ.

ಎರಡು ಗುರಿ ಇಟ್ಟುಕೊಂಡರೆ ಎರಡೂ ಅರ್ಧವಾಗುತ್ತವೆ. ಉಳಿದದ್ದನ್ನು ಮುಂದಿನ ಅವಧಿಗೆ ಬಿಡಿ.

## ಹಂತ 6: ಕಾರಣಕ್ಕೆ ತಕ್ಕ ಕಾರ್ಯಕ್ರಮ ಆರಿಸಿ

ಜ್ಯಾಕ್ವೆಲಿನ್ ಎಕಲ್ಸ್ ಮತ್ತು ಕ್ಯಾರೊಲ್ ಮಿಜ್ಲಿ 1989ರಲ್ಲಿ ಮುಂದಿಟ್ಟ ವಾದ ಇಲ್ಲಿ ದಾರಿ ತೋರಿಸುತ್ತದೆ. ಈ ವಯಸ್ಸಿನ ಮಗುವಿಗೆ ತನ್ನ ಮಾತು ನಡೆಯಬೇಕು ಅನ್ನಿಸುತ್ತದೆ. ಶಾಲೆಯ ಹಿಡಿತ ಆಗಲೇ ಬಿಗಿಯಾಗುತ್ತದೆ. ಮನೆಯ ಹೊರಗೆ ನಂಬುವಂಥ ಹಿರಿಯರು ಬೇಕು ಅನ್ನಿಸುತ್ತದೆ. ಆಗಲೇ ಪಿರಿಯಡ್‌ಗೊಬ್ಬ ಶಿಕ್ಷಕರು ಬಂದು ಹೋಗುತ್ತಾರೆ. ಇತರರ ಕಣ್ಣಿಗೆ ತಾನು ಹೇಗೆ ಕಾಣುತ್ತೇನೆಂಬ ಅಳುಕು ಹೆಚ್ಚುತ್ತದೆ. ಆಗಲೇ ಅಂಕಗಳ ಹೋಲಿಕೆ ಎಲ್ಲರೆದುರು ನಡೆಯುತ್ತದೆ. ನಿಮ್ಮ ಕಾರ್ಯಕ್ರಮ ಈ ಹೊಂದಾಣಿಕೆ ತಪ್ಪಿದ ಜಾಗವನ್ನು ಮುಟ್ಟಬೇಕು.

ಹಿರಿಯರ ನಂಟು ಇಲ್ಲದಿದ್ದರೆ: ಹತ್ತರಿಂದ ಹನ್ನೆರಡು ಮಕ್ಕಳಿಗೆ ಒಬ್ಬ ಹಿರಿಯರು, ವಾರಕ್ಕೆ ಎರಡು ಸಲ, ವರ್ಷವಿಡೀ ಅದೇ ಮುಖ. ತೀರಾ ಹಿಂದೆ ಸರಿದ ಮಗುವಿಗೆ ಬೆಳಿಗ್ಗೆ ಎರಡು ನಿಮಿಷ, ಹೊರಡುವಾಗ ಎರಡು ನಿಮಿಷದ ಭೇಟಿ. ಆ ಮಾತು ಹೋಂವರ್ಕಿನ ಬಗ್ಗೆ ಇರಬಾರದು, ಮೊದಲ ಎರಡು ವಾರವಂತೂ ಖಂಡಿತ ಬೇಡ.

ಪಾಠವೇ ಕೈಗೆಟುಕದಿದ್ದರೆ: ಇದನ್ನು ಒಪ್ಪಿಕೊಳ್ಳಲು ಶಾಲೆಗಳು ಹಿಂಜರಿಯುತ್ತವೆ. ಭಿನ್ನರಾಶಿ ಗೊತ್ತಿಲ್ಲದ ಮಗು ಬೀಜಗಣಿತದ ಪಿರಿಯಡ್‌ನಲ್ಲಿ ಕಿಟಕಿ ನೋಡುವುದು ಸಹಜ. ನಾಟಕ, ರಸಪ್ರಶ್ನೆ, ವಿಜ್ಞಾನ ಮೇಳ ಯಾವುದೂ ಆ ಕೊರತೆ ತುಂಬುವುದಿಲ್ಲ. ಮೂರು ನಾಲ್ಕು ಮಕ್ಕಳ ಗುಂಪು, ವಾರಕ್ಕೆ ಮೂರು ಸಲ, ಅರ್ಧ ಗಂಟೆ, ಶಾಲಾ ಸಮಯದಲ್ಲೇ. ಒಂದೇ ಕೌಶಲ ಹಿಡಿದು ಕಲಿಸಿ. ಪ್ರತಿ ಭೇಟಿಯಲ್ಲೂ ಮಗು ತಾನಾಗಿ ಬಿಡಿಸಬಲ್ಲ ಲೆಕ್ಕ ಕನಿಷ್ಠ ಎರಡಾದರೂ ಇರಲಿ.

ತಮ್ಮ ಮಾತಿಗೆ ಬೆಲೆ ಇಲ್ಲ ಎಂದರೆ: ಪ್ರತಿ ವಿಷಯದಲ್ಲಿ ತಿಂಗಳಿಗೆ ಒಂದು ಕೆಲಸಕ್ಕಾದರೂ ಮೂರು ಬಗೆಯ ಆಯ್ಕೆ ಕೊಡಿ. ಹತ್ತು ಆಯ್ಕೆ ಬೇಡ, ಮಕ್ಕಳು ಕಂಗೆಡುತ್ತಾರೆ. ತರಗತಿ ಮಂಡಳಿ ಮಾಡುವುದಾದರೆ, ಅದು ನಿಜವಾಗಿ ತೀರ್ಮಾನಿಸಬಹುದಾದ ಎರಡು ವಿಷಯಗಳನ್ನು ಮೊದಲೇ ಬರೆದುಕೊಡಿ. ರೋಜರ್ ಹಾರ್ಟ್ ಯುನಿಸೆಫ್‌ಗಾಗಿ 1992ರಲ್ಲಿ ಬರೆದ ‘ಸಹಭಾಗಿತ್ವದ ಏಣಿ’ಯಲ್ಲಿ ಮಕ್ಕಳನ್ನು ಅಲಂಕಾರಕ್ಕೆ, ತೋರಿಕೆಗೆ ಕೂರಿಸುವುದು ಕೆಳಗಿನ ಮೆಟ್ಟಿಲುಗಳಲ್ಲಿದೆ, ಹಾರ್ಟ್ ಅವನ್ನು ಸಹಭಾಗಿತ್ವ ಎಂದು ಒಪ್ಪುವುದೇ ಇಲ್ಲ. ತೋರಿಕೆಯ ಮಂಡಳಿಗಿಂತ ಮಂಡಳಿ ಇಲ್ಲದಿರುವುದು ಲೇಸು, ಯಾಕೆಂದರೆ ಮಕ್ಕಳಿಗೆ ಅದು ಎರಡನೇ ಸಭೆಯಲ್ಲೇ ತಿಳಿಯುತ್ತದೆ.

ಕಲಿಕೆ ಯಾತಕ್ಕೆಂದು ಕಾಣದಿದ್ದರೆ: ಮೂರು ನಾಲ್ಕು ವಾರದ ಪ್ರಾಜೆಕ್ಟ್. ಅದರ ಫಲವನ್ನು ಶಿಕ್ಷಕರಲ್ಲದೆ ಬೇರೊಬ್ಬರು ನಿಜವಾಗಿ ಬಳಸುವಂತಿರಲಿ: ಕೆಳಗಿನ ತರಗತಿಗೆ ಓದುವ ಪುಸ್ತಕ, ಶಾಲೆಯ ನೀರಿನ ಬಳಕೆಯ ಲೆಕ್ಕ, ಮೈದಾನದ ನೆರಳಿನ ನಕ್ಷೆ. ನಾಲ್ಕು ವಾರ ಮೀರಿದರೆ ಕೆಲಸ ಒಂದಿಬ್ಬರ ಹೆಗಲಿಗೆ ಬೀಳುತ್ತದೆ.

ಮನೋವಿಜ್ಞಾನಿಗಳಾದ ಎಡ್ವರ್ಡ್ ಡೆಸಿ, ರಿಚರ್ಡ್ ರಯಾನ್ ಅವರ ಸ್ವಯಂನಿರ್ಧಾರ ಸಿದ್ಧಾಂತ, ಮನಸ್ಸಿಟ್ಟು ತೊಡಗಲು ಬೇಕೆಂದು ಹೇಳುವ ಮೂರು ಅಗತ್ಯಗಳು ಇಲ್ಲಿಯೂ ಎದ್ದು ಕಾಣುತ್ತವೆ: ನಂಟು, ‘ನನ್ನಿಂದ ಆಗುತ್ತದೆ’ ಎಂಬ ಭರವಸೆ, ಸ್ವಾಯತ್ತತೆ.

ಆಯ್ಕೆ ಮಾಡುವಾಗ ಎರಡು ಅಪಾಯಗಳನ್ನು ತಪ್ಪದೆ ನೆನಪಿಡಿ.

ಮೊದಲನೆಯದು, ತೊಂದರೆಯಲ್ಲಿರುವ ಮಕ್ಕಳನ್ನಷ್ಟೇ ಒಂದು ಗುಂಪು ಮಾಡುವುದು. ಥಾಮಸ್ ಡಿಶಿಯನ್, ಜೋನ್ ಮೆಕಾರ್ಡ್, ಫ್ರಾಂಸ್ವಾ ಪುಲಾಂ 1999ರಲ್ಲಿ ಬರೆದ ಲೇಖನ, ಅಂಥ ಗುಂಪುಗಳಲ್ಲಿ ಹದಿಹರೆಯದವರು ಒಬ್ಬರ ಕೆಟ್ಟ ನಡತೆಯನ್ನು ಇನ್ನೊಬ್ಬರು ಮೆಚ್ಚಿ ಬೆಳೆಸುವುದನ್ನೂ, ಸಹಾಯವೇ ಹಾನಿಯಾಗುವುದನ್ನೂ ತೋರಿಸಿತು. ಹನ್ನೆರಡರ ಗುಂಪಿನಲ್ಲಿ ಗುರಿಯ ಮಕ್ಕಳು ಮೂರು ನಾಲ್ಕು ಮಂದಿ ಇರಲಿ, ಉಳಿದವರು ಬೇರೆ ಬೇರೆ ಬಗೆಯವರಿರಲಿ. ಯಾರು ಯಾಕೆ ಬಂದಿದ್ದಾರೆಂಬುದು ಮಕ್ಕಳಿಗೆ ಗೊತ್ತಾಗಬಾರದು.

ಎರಡನೆಯದು ಬಹುಮಾನ. ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ 1973ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಚಿತ್ರ ಬಿಡಿಸುವುದನ್ನು ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳಿಗೆ ‘ಬಿಡಿಸಿದರೆ ಪ್ರಶಸ್ತಿ’ ಎಂದು ಮೊದಲೇ ಹೇಳಿ ಕೊಟ್ಟಾಗ, ಆಮೇಲೆ ಅವರು ಸ್ವಂತ ಇಷ್ಟದಿಂದ ಚಿತ್ರ ಬಿಡಿಸುವುದು ಕಡಿಮೆಯಾಯಿತು. ಪೂರ್ಣ ಹಾಜರಿಗೆ ಪ್ರಮಾಣಪತ್ರ, ಅಂಕದ ಮೇಲೆ ನಕ್ಷತ್ರ ಇವು ಹೇಗೂ ಬರುವವರಿಗೆ ಸಿಗುತ್ತವೆ. ಎರಡನೇ ವಾರ ಜ್ವರ ಬಂದು ತಪ್ಪಿಸಿಕೊಂಡ ಮಗುವಿಗೆ ಉಳಿದ ವರ್ಷ ಬರಲು ಆ ಪ್ರಮಾಣಪತ್ರದಿಂದ ಯಾವ ಕಾರಣವೂ ಉಳಿಯುವುದಿಲ್ಲ. ಮಾಡಿದ ಕೆಲಸದ ಬಗ್ಗೆ ನಿರ್ದಿಷ್ಟವಾಗಿ ಒಂದು ಮಾತು ಹೇಳಿ, ಸಾಕು.

## ಹಂತ 7: ಟೈಮ್‌ಟೇಬಲ್, ಜಾಗ, ಜನ

ಶಾಲೆ ಬಿಟ್ಟ ಮೇಲೆ ಇಟ್ಟ ಕಾರ್ಯಕ್ರಮಕ್ಕೆ ದೂರದಿಂದ ಬರುವವರು, ತಮ್ಮ-ತಂಗಿಯರನ್ನು ನೋಡಿಕೊಳ್ಳುವವರು ನಿಲ್ಲುವುದಿಲ್ಲ. ಗುರಿಯ ಮಕ್ಕಳಲ್ಲಿ ಹೆಚ್ಚಿನವರು ಅವರೇ. ಶಾಲಾ ಸಮಯದ ಒಳಗೇ ಜಾಗ ಮಾಡಿ. ಆಟದ ಅಥವಾ ಚಿತ್ರಕಲೆಯ ಪಿರಿಯಡ್ ಕಿತ್ತುಕೊಳ್ಳಬೇಡಿ, ಕೆಲವು ಮಕ್ಕಳು ಶಾಲೆಗೆ ಬರುತ್ತಿರುವುದೇ ಅದಕ್ಕಾಗಿ. ಆರು ಪಿರಿಯಡ್‌ಗಳಿಂದ ತಲಾ ಐದು ನಿಮಿಷ ತೆಗೆದರೆ ಅರ್ಧ ಗಂಟೆ ಸಿಗುತ್ತದೆ. ಗುಂಪಿನ ಭೇಟಿ ಇರುವ ಎರಡು ದಿನ ಹೀಗೆ ಮಾಡಿದರೆ ಸಾಕು, ಬೆಲ್ ಬಾರಿಸುವವರಿಗೆ ಆ ದಿನಗಳ ಬೇರೆ ಪಟ್ಟಿ ಕೊಡಿ.

ಪ್ರತಿ ಗುಂಪಿಗೆ ಒಬ್ಬ ಹೊಣೆಗಾರರು, ಒಬ್ಬ ಬದಲಿ. ಬದಲಿಯವರ ಪರಿಚಯ ಮಕ್ಕಳಿಗೆ ಮೊದಲ ವಾರವೇ ಆಗಿರಬೇಕು. ಹೊಣೆಗಾರರಿಗೆ ವಾರಕ್ಕೆ ಎರಡು ಗಂಟೆಯ ಬೇರೆ ಕೆಲಸ ಕಡಿಮೆ ಮಾಡಿ. ‘ಒಳ್ಳೆಯ ಮನಸ್ಸಿನಿಂದ ಮಾಡುತ್ತಾರೆ’ ಎಂದು ಮೇಲಿಂದ ಮೇಲೆ ಹೇರಿದರೆ ನಾಲ್ಕನೇ ವಾರಕ್ಕೆ ಅವರೇ ಬಳಲಿರುತ್ತಾರೆ. ಶುರುವಾಗುವ ಮುಂಚೆ ಒಂದೂವರೆ ಗಂಟೆಯ ಎರಡು ತರಬೇತಿ ನಡೆಸಿ: ಒಂದರಲ್ಲಿ ಆಲಿಸುವ ಅಭ್ಯಾಸ, ಇನ್ನೊಂದರಲ್ಲಿ ಯಾವ ಮಾತು ಬಂದರೆ ಯಾರಿಗೆ ತಿಳಿಸಬೇಕು ಎಂಬುದು.

ಪೋಷಕರಿಗೆ ಒಂದು ಪುಟದ ಪತ್ರ ಹೋಗಲಿ, ಅದರಲ್ಲಿ ‘ಹಿಂದುಳಿದ’, ‘ಸಮಸ್ಯೆಯಿರುವ’ ಎಂಬ ಪದಗಳು ಬೇಡ. ‘ಈ ವರ್ಷ ಏಳನೇ ತರಗತಿಯ ಪ್ರತಿ ಮಗುವಿಗೂ ಒಬ್ಬ ಮಾರ್ಗದರ್ಶಕರು ಇರುತ್ತಾರೆ, ನಿಮ್ಮ ಮಗುವಿಗೆ ಇಂಥವರು’ ಎಂದಷ್ಟೇ ಬರೆಯಿರಿ. ಅದು ನಿಜವೂ ಆಗಿರಬೇಕು.

## ಹಂತ 8: ಮೂವತ್ತು ನಿಮಿಷದ ಒಂದು ಭೇಟಿಯನ್ನು ನಿಮಿಷ ಹಿಡಿದು ಕಟ್ಟಿ

0–3 ನಿಮಿಷ: ಬಾಗಿಲಲ್ಲಿ ನಿಂತು ಪ್ರತಿ ಮಗುವನ್ನೂ ಹೆಸರು ಹಿಡಿದು ಮಾತಾಡಿಸಿ. ಕಳೆದ ಸಲ ಬಾರದವರಿಗೆ ‘ಯಾಕೆ ಬರಲಿಲ್ಲ?’ ಎಂದು ಕೇಳಬೇಡಿ, ‘ನಿನ್ನ ಜಾಗ ಖಾಲಿ ಇತ್ತು’ ಎನ್ನಿ. ಮೊದಲನೆಯದು ವಿಚಾರಣೆಯಂತೆ ಕೇಳಿಸುತ್ತದೆ.

3–8 ನಿಮಿಷ: ಸುತ್ತು ಕುಳಿತು ಒಂದು ಚಿಕ್ಕ ಪ್ರಶ್ನೆ. ‘ಪಾಸ್’ ಎಂದು ಬಿಟ್ಟುಕೊಡುವ ಹಕ್ಕು ಎಲ್ಲರಿಗೂ ಇರಲಿ, ದೊಡ್ಡವರಿಗೂ.

8–24 ನಿಮಿಷ: ಕೈಗೆ ಕೆಲಸ. ಮೂರು ನಾಲ್ಕು ಜನರ ತಂಡ ಮಾಡಿ, ಪ್ರತಿಯೊಬ್ಬರಿಗೂ ಹೆಸರಿಟ್ಟ ಪಾತ್ರ ಕೊಡಿ: ಬರೆಯುವವರು, ಅಳೆಯುವವರು, ಸಮಯ ನೋಡುವವರು, ಹೇಳುವವರು. ಪಾತ್ರಗಳು ಪ್ರತಿ ವಾರ ತಿರುಗಬೇಕು. ತಂಡವನ್ನು ನೀವೇ ಮಾಡಿ. ‘ನೀವೇ ಗುಂಪು ಮಾಡಿಕೊಳ್ಳಿ’ ಎಂದಾಗ ಯಾರೂ ಕರೆಯದೆ ನಿಲ್ಲುವ ಮಗು ಬಹುತೇಕ ಚುಕ್ಕಿ ಇಲ್ಲದ ಮಗುವೇ.

24–28 ನಿಮಿಷ: ಒಂದು ಚೀಟಿಯಲ್ಲಿ ಎರಡು ಸಾಲು: ಇವತ್ತು ಏನು ಆಯಿತು, ಮುಂದಿನ ಸಲ ಏನು ಬೇಕು.

ಕೊನೆಯ ಎರಡು ನಿಮಿಷ ಖಾಲಿ ಬಿಡಿ. ಎಲ್ಲರೆದುರು ಹೇಳಲಾಗದ್ದನ್ನು ಹೇಳಲು ಮಕ್ಕಳು ನಿಧಾನವಾಗಿ ಬ್ಯಾಗ್ ಹಾಕಿಕೊಳ್ಳುತ್ತಾ ಉಳಿಯುವುದು ಆ ಹೊತ್ತಿನಲ್ಲೇ. ದೊಡ್ಡವರು ಆಗ ಹಾಜರಿ ತುಂಬುತ್ತಾ ತಲೆ ತಗ್ಗಿಸಿದ್ದರೆ ಆ ಮಾತು ಬರುವುದಿಲ್ಲ.

ಈ ಅರ್ಧ ಗಂಟೆ ಬಾಕಿ ಪಾಠ ಮುಗಿಸುವುದಕ್ಕೆ, ಪ್ರಕಟಣೆ ಓದುವುದಕ್ಕೆ, ಶುಲ್ಕ ನೆನಪಿಸುವುದಕ್ಕೆ ಜಾರಿಕೊಳ್ಳುವುದು ಬಲು ಬೇಗ. ಒಂದು ಸಲ ಜಾರಿದರೆ ಮಕ್ಕಳ ಲೆಕ್ಕದಲ್ಲಿ ಇದೂ ಇನ್ನೊಂದು ಪಿರಿಯಡ್ ಆಗುತ್ತದೆ.

## ಹಂತ 9: ಆರು ವಾರದ ಪ್ರಯೋಗ, ಮೂರೇ ಅಳತೆ

ಒಂದು ತರಗತಿಯಲ್ಲಿ ಮಾತ್ರ ಶುರು ಮಾಡಿ. ವಾರಕ್ಕೊಮ್ಮೆ ಮೂರು ಸಂಖ್ಯೆ ಬರೆಯಿರಿ: ಗುರಿಯ ಮಕ್ಕಳಲ್ಲಿ ಎಷ್ಟು ಮಂದಿ ಭೇಟಿಗೆ ಬಂದರು, ಅವರ ಶಾಲಾ ಹಾಜರಿ ಎಷ್ಟು, ಎಷ್ಟು ಮಂದಿ ಚೀಟಿಯಲ್ಲಿ ಏನಾದರೂ ಸ್ವಂತದ್ದು ಬರೆದರು. ಒಟ್ಟು ಹಾಜರಿ ಬರೆಯಬೇಡಿ. ಐವತ್ತು ಮಕ್ಕಳು ಬಂದು, ಗುರಿಯ ಹದಿನಾಲ್ಕರಲ್ಲಿ ಇಬ್ಬರೇ ಇದ್ದರೆ ಅದು ಸೋಲು.

ಮೊದಲ ಎರಡು ವಾರದ ಹುರುಪನ್ನು ನಂಬಬೇಡಿ. ನಿಜ ತಿಳಿಯುವುದು ಮೂರರಿಂದ ಐದನೇ ವಾರದಲ್ಲಿ, ಹೊಸತನ ಕಳೆದ ಮೇಲೆ. ಆಗ ಈ ಲಕ್ಷಣಗಳನ್ನು ನೋಡಿ:

- ದೊಡ್ಡವರು ಮಾತಾಡುವ ಸಮಯ ಅರ್ಧಕ್ಕಿಂತ ಹೆಚ್ಚಾಗಿದೆ. ಗಡಿಯಾರ ಹಿಡಿದು ಒಂದು ಭೇಟಿ ಅಳೆಯಿರಿ.
- ಚೀಟಿಗಳಲ್ಲಿ ‘ಚೆನ್ನಾಗಿತ್ತು’ ಎಂದಷ್ಟೇ ಇದೆ.
- ಎರಡು ಭೇಟಿ ರದ್ದಾಗಿವೆ. ಕಾರಣ ಎಷ್ಟೇ ಸರಿ ಇದ್ದರೂ, ಇದಕ್ಕೆ ಬೆಲೆ ಇಲ್ಲ ಎಂದು ಮಕ್ಕಳು ತೀರ್ಮಾನಿಸಿರುತ್ತಾರೆ.
- ಭೇಟಿಯನ್ನು ಶಿಕ್ಷೆಗೆ ಬಳಸಲಾಗುತ್ತಿದೆ: ‘ಹೋಂವರ್ಕ್ ಮಾಡದಿದ್ದರೆ ಗುಂಪಿಗೆ ಕಳಿಸುವುದಿಲ್ಲ’. ಇದನ್ನು ಅಂದೇ ನಿಲ್ಲಿಸಿ. ಯಾರಿಗೆ ಹೆಚ್ಚು ಬೇಕೋ ಅವರೇ ಇದರಿಂದ ಹೊರಬೀಳುತ್ತಾರೆ.

ಮೂರನೇ ವಾರದ ಕೊನೆಗೆ ಒಂದು ತಿದ್ದುಪಡಿ ಮಾಡಬಹುದು, ಒಂದೇ. ಸಮಯ, ಗುಂಪು, ಚಟುವಟಿಕೆ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಅಂಕಗಳಲ್ಲಿ ಬದಲಾವಣೆಯನ್ನು ಆರು ವಾರದಲ್ಲಿ ಹುಡುಕಬೇಡಿ. ಮೊದಲು ಬದಲಾಗುವುದು ಹಾಜರಿ ಮತ್ತು ಪ್ರಶ್ನೆ ಕೇಳುವ ಧೈರ್ಯ.

## ಹಂತ 10: ಮುಂದುವರಿಸಬೇಕೇ, ತಿದ್ದಬೇಕೇ, ನಿಲ್ಲಿಸಬೇಕೇ

ಏಳನೇ ವಾರ ತಂಡ ಒಂದು ಗಂಟೆ ಕೂರಲಿ. ಗುರಿಯ ವಾಕ್ಯವನ್ನು ಗಟ್ಟಿಯಾಗಿ ಓದಿ, ನಾಲ್ಕನೇ ಹಂತದ ‘ಯಾರು ವಿಚಾರಿಸುತ್ತಾರೆ?’ ಪ್ರಶ್ನೆಯನ್ನು ಗುರಿಯ ಮಕ್ಕಳಿಗೆ ಒಬ್ಬೊಬ್ಬರಾಗಿ ಮತ್ತೆ ಕೇಳಿದಾಗ ಬಂದ ಉತ್ತರಗಳ ಪಕ್ಕ ಇಡಿ. ಗುರಿ ಮುಟ್ಟಿದ್ದರೆ ಇನ್ನೊಂದು ತರಗತಿಗೆ ಹರಡಿ, ಒಮ್ಮೆಗೆ ಇಡೀ ಶಾಲೆಗೆ ಬೇಡ. ಅರ್ಧದಷ್ಟು ಮುಟ್ಟಿದ್ದರೆ, ಮುಟ್ಟದ ಮಕ್ಕಳ ಹೆಸರು ಹಿಡಿದು ಒಬ್ಬೊಬ್ಬರ ಕಾರಣ ನೋಡಿ. ಕೆಲವರಿಗೆ ಆರನೇ ಹಂತದಲ್ಲಿ ಕಾರಣವನ್ನೇ ತಪ್ಪಾಗಿ ಗುರುತಿಸಿರುತ್ತೀರಿ, ನಂಟು ಬೇಕೆಂದುಕೊಂಡ ಮಗುವಿಗೆ ನಿಜವಾಗಿ ಬೇಕಿದ್ದದ್ದು ಗಣಿತದ ಬೆಂಬಲ ಆಗಿರುತ್ತದೆ. ಏನೂ ಆಗಿಲ್ಲದಿದ್ದರೆ ನಿಲ್ಲಿಸಿ. ಉದ್ಘಾಟನೆ ಆಗಿದೆ ಎಂಬ ಮುಜುಗರಕ್ಕೆ ನಡೆಸುತ್ತಾ ಹೋದರೆ ಮುಂದಿನ ಒಳ್ಳೆಯ ಯೋಜನೆಗೂ ಸಿಬ್ಬಂದಿ ಸಿಗುವುದಿಲ್ಲ.

ಮುಂದುವರಿಸಿದರೂ ನಿಲ್ಲಿಸಿದರೂ ಒಂದು ಪುಟದ ಹಸ್ತಾಂತರ ಪತ್ರ ಬರೆದಿಡಿ: ಗುರಿಯ ವಾಕ್ಯ, ಭೇಟಿಯ ಸಮಯ ಮತ್ತು ಕೋಣೆ, ಹೊಣೆಗಾರರು ಮತ್ತು ಬದಲಿಯವರು, ಆರು ವಾರದ ಮೂರು ಸಂಖ್ಯೆಗಳು, ಮಾಡಿದ ಒಂದು ತಿದ್ದುಪಡಿ. ಮಕ್ಕಳ ಹೆಸರುಗಳು ಇದರಲ್ಲಿ ಬೇಡ. ಹೊಣೆಗಾರರು ವರ್ಗವಾಗಿ ಅಥವಾ ಕೆಲಸ ಬಿಟ್ಟು ಹೋಗುವುದಿದ್ದರೆ ಕನಿಷ್ಠ ಎರಡು ವಾರ ಮುಂಚೆ ಅವರೇ ಮಕ್ಕಳಿಗೆ ಹೇಳಬೇಕು, ಬದಲಿಯವರ ಜೊತೆ ಕನಿಷ್ಠ ಎರಡು ಭೇಟಿಗಳನ್ನು ಒಟ್ಟಿಗೆ ನಡೆಸಬೇಕು. ಕಾರ್ಯಕ್ರಮ ನಿಲ್ಲುವುದಾದರೂ ಗುರಿಯ ಮಕ್ಕಳ ಬೆಳಗಿನ ಎರಡು ನಿಮಿಷದ ಭೇಟಿ ವರ್ಷದ ಕೊನೆಯವರೆಗೆ ನಡೆಯಲಿ. ಅದಕ್ಕೆ ಕೋಣೆಯೂ ಬೇಡ, ಟೈಮ್‌ಟೇಬಲ್ ಬದಲಿಸುವುದೂ ಬೇಡ.